ಬಲಗೈಗೆ ಬಿಸಿಲು

ನನ್ನ ಸೊಸೆ ಲತಾ ಹುಟ್ಟಿನಿಂದಲೂ ಕೆಂಪಗಿನ ಹುಡುಗಿ. ನಮ್ಮ ಕಡೆ ಬೆಳ್ಳಗಿರುವವರನ್ನು ಹಾಗೆಯೇ ಹೇಳುವುದು. ನನ್ನ ಮಗ ಮದುವೆ ಮಾಡಿಕೊಂಡು ಹೇರೋಹಳ್ಳಿಗೆ ಕರೆತಂದಾಗ ಬೀದಿಯವರೆಲ್ಲ ಮೊದಲು ಆ ಬಣ್ಣದ ಮಾತನ್ನೇ ಆಡಿದರು. ಅಂಥವಳು ಈ ಬೇಸಿಗೆಯಲ್ಲಿ ದಿನಾ ಬೆಳಗ್ಗೆ ತಾರಸಿ ಹತ್ತಿ, ನಾನು ಒಣಹಾಕಿದ ಸಂಡಿಗೆಯ ಪಕ್ಕದಲ್ಲೇ ಚಾಪೆ ಹಾಸಿಕೊಂಡು, ಕಪ್ಪಾಗಲೆಂದು ಬಿಸಿಲು ಕಾಯಿಸುತ್ತಿದ್ದಳು.

ಅವಳಿಗೆ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮಧ್ಯಾಹ್ನದ ಪಾಳಿ. ಬೆನ್ನುನೋವಿಗೆಂದು ಲಗ್ಗೆರೆಯ ಜಿಮ್ಮಿಗೆ ಸೇರಿದಳು. ನೋವು ಹೋಯಿತು, ಜಿಮ್ಮು ಉಳಿಯಿತು. ಅಲ್ಲಿ ಕಲಿಸುವ ಬಸವಕಿರಣ್ ಹೆಂಗಸರ ದೇಹದಾರ್ಢ್ಯ ಸ್ಪರ್ಧೆಗೆ ಅವಳ ಹೆಸರು ಕೊಡಿಸಿದ. ವಿಜಯನಗರದಲ್ಲಿ, ಉಗಾದಿ ಕಳೆದು ಎರಡನೇ ಭಾನುವಾರ ಸ್ಪರ್ಧೆ.

ವೇದಿಕೆಯ ದೀಪದಡಿ ಬೆಳ್ಳನೆಯ ಮೈ ಬಿಳುಚಿಕೊಂಡು ಕಾಣುತ್ತದಂತೆ. ಇಷ್ಟು ವರ್ಷ ಕಟ್ಟಿದ ಮೈಕಟ್ಟು ತೀರ್ಪುಗಾರರ ಕಣ್ಣಿಗೇ ಬೀಳುವುದಿಲ್ಲ. ಅದಕ್ಕೇ ಅವತ್ತು ಮೈಗೆಲ್ಲ ಗಾಢ ಬಣ್ಣ ಬಳಿಯುತ್ತಾರೆ. ಆದರೆ ಕೆಳಗಿನ ಚರ್ಮ ಒಂದೇ ಸಮ ಇರದಿದ್ದರೆ ಬಳಿದ ಬಣ್ಣ ತೇಪೆ ತೇಪೆಯಾಗಿ ಕೂರುತ್ತದೆ. ಬಿಸಿಲು ಕೊಟ್ಟ ಬಣ್ಣ ಸುಮ್ಮನೆ ಬಿಟ್ಟರೆ ವಾರ ಹತ್ತು ದಿನಕ್ಕೆ ಇಳಿಯಲು ಶುರುವಾಗುತ್ತದೆ, ನೋಡಿಕೊಂಡರೆ ತಿಂಗಳವರೆಗೂ ನಿಲ್ಲುತ್ತದೆ ಎಂದು ಬಸವಕಿರಣ್ ಹೇಳಿ ಕಳಿಸಿದ್ದ. ನನಗೆ ಅದು ನಿಜವೆನಿಸಿತು. ಈಗ ಸೈಟುಗಳಾಗಿರುವ ಜಾಗದಲ್ಲಿ ನಾವು ರಾಗಿ ಕೊಯ್ಯುತ್ತಿದ್ದಾಗ ಹೆಂಗಸರ ತೋಳಲ್ಲಿ ರವಿಕೆಯ ಗೆರೆ ಬೀಳುತ್ತಿತ್ತು. ಕಣದ ಕೆಲಸ ಮುಗಿದು ಮನೆಯೊಳಗೆ ಉಳಿದ ಮೇಲೆ ಅದು ತಾನಾಗಿಯೇ ಮಾಸುತ್ತಿತ್ತು. ಚರ್ಮ ಹಳೇದನ್ನು ಉದುರಿಸುತ್ತಲೇ ಇರುತ್ತದೆ, ಅದನ್ನು ಅವಸರ ಮಾಡಿಸಬಾರದು, ಅಷ್ಟೇ.

ಹಾಗಾಗಿ ಮನೆಯಲ್ಲಿ ಕೆಲವು ಕಟ್ಟುಪಾಡು ಬಂದವು. ಲತಾಗೆ ಸುಡುವ ನೀರಿಲ್ಲ, ಉಗುರುಬೆಚ್ಚಗಿನದು ಮಾತ್ರ. ಮೈ ಉಜ್ಜುವಂತಿಲ್ಲ. ಟವೆಲ್ಲಿನಲ್ಲಿ ತಿಕ್ಕದೆ ಒತ್ತಿ ಒರೆಸಬೇಕು, ತೇವ ಆರುವ ಮೊದಲೇ ಕೊಬ್ಬರಿ ಎಣ್ಣೆ ಸವರಬೇಕು. ಬೇಕಾದಷ್ಟು ನೀರು ಕುಡಿಯಬೇಕು. ಬಿಸಿಲು ಏರುವ ಮೊದಲೇ ಕೆಳಗಿಳಿಯಬೇಕು, ಇಲ್ಲವಾದರೆ ಚರ್ಮ ಸುಟ್ಟು ಸುಲಿದುಹೋಗಿ ಅಷ್ಟೂ ದಿನದ ಬಣ್ಣ ಅದರ ಜೊತೆಗೇ ಹೋಗುತ್ತದೆ.

ಎಲ್ಲ ಸರಿಯಾಗಿಯೇ ನಡೆದಿತ್ತು, ಉಗಾದಿ ಬರುವವರೆಗೆ.

ಹಬ್ಬದ ಬೆಳಗ್ಗೆ ನಾಯಂಡಹಳ್ಳಿಯಿಂದ ಅವಳ ತಾಯಿ ಮುನಿಲಕ್ಷ್ಮಮ್ಮ ಬಂದರು. ಅವರಿಗೆ ಒಬ್ಬಳೇ ಮಗಳು, ತಮ್ಮ ಗಂಡ ತೀರಿಕೊಂಡ ಮೇಲೆ ಹಬ್ಬಕ್ಕೆ ನಮ್ಮಲ್ಲಿಗೇ ಬರುವುದು. ಮಗಳು ವ್ಯಾಯಾಮ ಮಾಡುತ್ತಾಳೆಂದು ಮಾತ್ರ ಅವರಿಗೆ ಗೊತ್ತು. ವೇದಿಕೆಯ ವಿಷಯವನ್ನು ಒಬ್ಬಟ್ಟು ತಿಂದ ಮೇಲೆ ನಿಧಾನವಾಗಿ ಹೇಳೋಣ ಎಂದು ಲತಾ ಇಟ್ಟುಕೊಂಡಿದ್ದಳು. ಬೀಗಿತ್ತಿ ಬಾಗಿಲಲ್ಲೇ ನಿಂತು ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ನನ್ನ ಕಡೆ ತಿರುಗಿದರು.

"ಏನ್ ಬೀಗ್ರೇ, ನನ್ ಮಗಳ್ನ ಕೂಲಿಗೆ ಕಳಿಸ್ತಿದೀರಾ?"

ಮೊದಲು ಒಳಗೆ ಬನ್ನಿ, ಎಲ್ಲಾ ಹೇಳ್ತೀವಿ ಎಂದೆ. ಅವರು ಕೇಳಲಿಲ್ಲ. ಹಬ್ಬದ ಎಣ್ಣೆನೀರು ಮಗಳಿಗೆ ತಾನೇ ಹಾಕುವುದೆಂದು ಅವಳನ್ನು ಬಚ್ಚಲಿಗೆ ಎಳೆದುಕೊಂಡು ಹೋದರು. ತಲೆಗೆ ಮಾತ್ರ ಎಂದು ಲತಾ ಹೇಳಿದ್ದು ನನಗೂ ಕೇಳಿಸಿತು. ನಾನು ಒಲೆಯ ಮುಂದೆ ಹೂರಣ ತಿರುವುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಲತಾ ಕೂಗಿದಳು. ಓಡಿಹೋದರೆ, ಅವಳು ಎಣ್ಣೆ ಇಳಿದ ಕಣ್ಣನ್ನು ಮುಚ್ಚಿಕೊಂಡು ಕೂತಿದ್ದಾಗ ತಾಯಿ ಕಡ್ಲೆಹಿಟ್ಟಿಗೆ ಮೊಸರು ಕಲಸಿ, ಹೀರೇಕಾಯಿ ನಾರಿನಲ್ಲಿ ಬಲಗೈ ಪೂರಾ ಉಜ್ಜಿಬಿಟ್ಟಿದ್ದರು. ಭುಜದಿಂದ ಮುಂಗೈವರೆಗೆ ಬಣ್ಣ ಇಳಿದು ಕೆಂಪಾಗಿತ್ತು. ಎಡಗೈ ಪಕ್ಕದಲ್ಲಿಟ್ಟರೆ ಎರಡೂ ಬೇರೆ ಬೇರೆಯವರ ಕೈಯಂತೆ ಕಾಣುತ್ತಿದ್ದವು.

ಮುನಿಲಕ್ಷ್ಮಮ್ಮ ಮಗಳ ಇನ್ನೊಂದು ಕೈಗೆಂದು ಅಂಗೈಯಲ್ಲಿ ಹಿಟ್ಟು ತುಂಬಿಕೊಂಡೇ ನಿಂತಿದ್ದರು. ಲತಾ ಅಳಲಿಲ್ಲ. ಒದ್ದೆ ಮೈಯಲ್ಲೇ ಕೂತು ಸ್ಪರ್ಧೆಯ ವಿಷಯ ಎಲ್ಲವನ್ನೂ ಹೇಳಿದಳು, ಹಾಕಿಕೊಳ್ಳಬೇಕಾದ ಗೇಣುದ್ದದ ಬಟ್ಟೆಯನ್ನೂ ಬಿಡಲಿಲ್ಲ. ಕೊನೆಗೆ, "ಈ ಬಣ್ಣ ನಾನೇ ಬೇಕು ಅಂತ ಮಾಡ್ಕೊಂಡಿದ್ದು ಕಣಮ್ಮ. ಈಗ ಹಿಂಗೇ ಹೋದ್ರೆ ಎಲ್ರೂ ಕೈ ನೋಡ್ತಾರೆ, ನನ್ನ ನೋಡಲ್ಲ" ಎಂದಳು.

ಬೀಗಿತ್ತಿ ನಾರನ್ನು ಕೆಳಗಿಟ್ಟರು. ಅವರು ಕಪ್ಪಗಿರುವವರು. ಆಮೇಲೆ ತಮ್ಮ ಕೈಯ ಹಿಟ್ಟನ್ನು ತೊಳೆದುಕೊಳ್ಳುತ್ತಾ ಹೇಳಿದರು:

"ನನ್ ಮದುವೆ ಮುಂಚೆ ನಿಮ್ಮಜ್ಜಿ ಹಿಂಗೇ ಉಜ್ಜಿದ್ರು, ರಕ್ತ ಬರೋ ಹಂಗೆ. ಇಳೀಲಿಲ್ಲ. ಬೇಕು ಅಂತ ಕಪ್ಪಾಗೋಳ್ನ ಇವತ್ತೇ ಕಣೇ ನೋಡಿದ್ದು." ನನ್ನ ಕಡೆ ತಿರುಗಿ ಕೇಳಿದರು, "ಮತ್ತೆ ಬರ್ಸಕ್ಕೆ ಆಗುತ್ತಾ ಅಕ್ಕ?"

ಉರಿ ಆರುವವರೆಗೆ ಕೈ ಮುಟ್ಟಬಾರದು, ಆಮೇಲೆ ಆ ಒಂದು ಕೈಗೆ ಮಾತ್ರ ಬಿಸಿಲು ಬೇಕು ಎಂದೆ. ಬಸವಕಿರಣ್‌ಗೆ ಫೋನು ಮಾಡಿದರೆ ಅವನೂ ಅದನ್ನೇ ಅಂದ. ಅವಸರ ಮಾಡಿದರೆ ಸುಲಿಯುತ್ತದೆ ಎಂದು ಎಚ್ಚರಿಸಿದ.

ಮುನಿಲಕ್ಷ್ಮಮ್ಮ ನಾಯಂಡಹಳ್ಳಿಗೆ ಹೋಗಲಿಲ್ಲ. ಕೈ ತಣಿದ ಮೇಲೆ ದಿನಾ ಎಳೆಬಿಸಿಲಿಗೆ ಮೂವರೂ ತಾರಸಿ ಹತ್ತಿದೆವು. ಲತಾಳ ಮೈಗೆಲ್ಲ ನನ್ನ ಹಳೇ ಸೀರೆ ಸುತ್ತಿ, ಬಲಗೈ ಒಂದನ್ನೇ ಹೊರಗೆ ಬಿಟ್ಟೆವು. ನೆರಳು ಕೈಮೇಲೆ ಬಂದರೆ ನಾನು ಚಾಪೆ ಸರಿಸುತ್ತಿದ್ದೆ. ತಾಯಿ ಕೊಡೆ ಹಿಡಿದು ಮಗಳ ಮುಖ ಕಾಯುತ್ತಿದ್ದರು. ಪಕ್ಕದ ತಾರಸಿಯ ಇಂದ್ರಮ್ಮ ಇಣುಕಿ, ಸೊಸೆ ಕೈಯನ್ನೂ ಸಂಡಿಗೆ ಜೊತೆ ಒಣಗಿಸ್ತಿದೀರಾ ಎಂದು ಕೇಳಿದಾಗ ಬೀಗಿತ್ತಿಯೇ ಜವಾಬು ಕೊಟ್ಟರು, ಇನ್ನೂ ಹದ ಬಂದಿಲ್ಲ ಕಣಮ್ಮ, ಬಂದ್ಮೇಲೆ ಕರೀತೀವಿ ಅಂತ. ಕೆಳಗಿಳಿದ ಮೇಲೆ ಎಣ್ಣೆ ಸವರುವುದೂ ಅವರೇ, ನವಿಲುಗರಿ ಆಡಿಸಿದಷ್ಟು ಹಗುರವಾಗಿ. ಸ್ಪರ್ಧೆಯ ಹಿಂದಿನ ದಿನ ಎರಡು ಕೈಗಳನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ಯಾವುದು ಉಜ್ಜಿದ ಕೈ ಎಂದು ನನಗೆ ಗೊತ್ತಾಗಲಿಲ್ಲ.

ಭಾನುವಾರ ದೀಪ ಬಿದ್ದಾಗ ಲತಾ ವೇದಿಕೆಯ ನಡುವೆ ಬಂದಳು. ಬಳಿದ ಬಣ್ಣ ಎಲ್ಲೂ ತೇಪೆ ಹಾಕಿರಲಿಲ್ಲ. ಅವಳು ತಿರುಗಿ ಬೆನ್ನು ಹರವಿದಾಗ ಒಂದೊಂದು ನರ, ಒಂದೊಂದು ಖಂಡ ಎದ್ದು ಕಂಡಿತು. ನನ್ನ ಮನೆಯಲ್ಲಿ ಇಷ್ಟು ದಿನ ಓಡಾಡಿದ್ದ ಹುಡುಗಿಯ ಮೈಯಲ್ಲಿ ಇಷ್ಟೆಲ್ಲ ಇತ್ತೇ ಎಂದು ಬೆರಗಾದೆ. ಮೂರನೆಯವಳ ಹೆಸರು ಕರೆದರು, ಎರಡನೆಯವಳದನ್ನು ಕರೆದರು. ಮೊದಲನೆಯದು ಲತಾಳದು.

ಸಭಾಂಗಣವೆಲ್ಲ ಚಪ್ಪಾಳೆ. ಲತಾ ಪದಕ ಹಾಕಿಕೊಂಡು ಬಲಗೈ ಮಡಿಸಿ ಎತ್ತಿ ಹಿಡಿದಳು. ಮುನಿಲಕ್ಷ್ಮಮ್ಮ ಎದ್ದು ನಿಂತು, ಹಿಂದಿನ ಸಾಲಿನ ಗುರುತಿಲ್ಲದ ಹೆಂಗಸಿಗೆ ಹೇಳುತ್ತಿದ್ದರು:

"ನನ್ ಮಗಳು ಕಣ್ರೀ. ಆ ಕೈ ನೋಡಿ. ಅದಕ್ಕೆ ಬಣ್ಣ ಬರ್ಸಿದ್ದು ನಾನೇ."