ಕಾರಣ ಕೇಳುವಂತಿಲ್ಲ

ಆ ಕಟ್ಟಡದಲ್ಲಿ ಮನೆ ಕೊಳ್ಳಲು ದುಡ್ಡಿದ್ದರೆ ಸಾಲದು, ನಿವಾಸಿಗಳ ಸಂಘದ ಸಮಿತಿಯಲ್ಲಿರುವ ಐವರ ಒಪ್ಪಿಗೆಯೂ ಬೇಕು. ಐವರೂ ಹೆಸರಿಲ್ಲದ ಚೀಟಿ ಹಾಕುತ್ತಾರೆ. ಒಂದೇ ಒಂದು ‘ಬೇಡ’ ಬಂದರೂ ಕೊಳ್ಳಲು ಬಂದವರು ಬಂದ ದಾರಿ ಹಿಡಿಯಬೇಕು. ಯಾರು ಬೇಡವೆಂದರು, ಏಕೆ ಎಂದು ಕೇಳುವಂತಿಲ್ಲ. ದೇವರಾದರೂ ಇಷ್ಟು ಬಿಗಿಯಾಗಿ ಬಾಗಿಲು ಹಾಕಿಕೊಳ್ಳಲಾರ.

ಮೂರನೇ ಮಹಡಿಯ ನರ್ಸ್ ಆ ಐವರಲ್ಲಿ ಒಬ್ಬಳು. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವಳು. ಅವಳ ಮೇಲಿನ ಮನೆ ಟೀಚರಮ್ಮನದು. ಅವರ ಮಂಡಿ ಕೈಕೊಟ್ಟು ವರ್ಷವಾಗಿತ್ತು, ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಇದನ್ನು ಮಾರಿ ತಂಗಿಯ ಬೀದಿಯಲ್ಲಿ ನೆಲಮಹಡಿಯ ಮನೆ ಹಿಡಿಯಬೇಕೆಂದು ಒದ್ದಾಡಿ, ಕೊನೆಗೂ ಒಂದು ಗಿರಾಕಿ ಕುದುರಿಸಿದ್ದರು.

ಕೊಳ್ಳುವ ಗಂಡ ಹೆಂಡತಿ ಸಮಿತಿಯ ಮುಂದೆ ಬಂದಾಗ ಅವಳಿ ಮಕ್ಕಳನ್ನೂ ಕರೆತಂದರು. ಹಿರಿಯರು ಪ್ರಶ್ನೆ ಕೇಳುತ್ತಿದ್ದಷ್ಟು ಹೊತ್ತೂ ಅವು ಕುರ್ಚಿಯಿಂದ ಕುರ್ಚಿಗೆ ಹಾರಿದವು. ನರ್ಸ್ ಆ ಪುಟ್ಟ ಪಾದಗಳನ್ನೇ ನೋಡುತ್ತ ಕುಳಿತಳು. ಅವು ತನ್ನ ತಲೆಯ ಮೇಲೆ ಹಗಲಿಡೀ ಓಡುವ ಸದ್ದು ಆಗಲೇ ಕೇಳಿಸಿತು. ‘ಬೇಡ’ ಎಂದು ಬರೆದು ಚೀಟಿ ಮಡಚಿದಳು.

ಆಮೇಲೆ ಮೇಲಿನಿಂದ ಯಾವ ಸದ್ದೂ ಬರಲಿಲ್ಲ, ನಿದ್ದೆಯೂ ಬರಲಿಲ್ಲ. ತಾನು ಮಾಡಿದ್ದು ತಪ್ಪು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಹೇಳಲು ಬಾಯಿ ಬರಲಿಲ್ಲ. ಬದಲಿಗೆ ಟೀಚರಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವ ಕೆಲಸವನ್ನು ಮೈಮೇಲೆ ಎಳೆದುಕೊಂಡಳು. ತಪ್ಪೊಪ್ಪಿಕೊಳ್ಳುವುದಕ್ಕಿಂತ ಸೇವೆ ಮಾಡುವುದು ಸುಲಭ.

ಆಸ್ಪತ್ರೆಗೆ ಹೊರಟ ದಿನ, ಒಂದು ಕೈ ಕಂಬಿಯ ಮೇಲೆ, ಇನ್ನೊಂದು ನರ್ಸಿನ ಹೆಗಲ ಮೇಲೆ ಇಟ್ಟು ಟೀಚರಮ್ಮ ಮೆಲ್ಲನೆ ಇಳಿಯತೊಡಗಿದರು. ಮೊದಲ ತಿರುವು ದಾಟುವಷ್ಟರಲ್ಲಿ ಏದುಸಿರು ಬಂತು, ಮೆಟ್ಟಿಲ ಮೇಲೆಯೇ ನಿಂತರು.

“ನಿಮ್ಮ ಸಮಿತೀಲಿ ಯಾರಿಗೋ ಅವರು ಹಿಡಿಸಲಿಲ್ಲ ನೋಡಮ್ಮ. ಬೇರೆ ಕಡೆ ಮನೆ ತಗೊಂಡ್ರಂತೆ. ಇನ್ನು ನನಗೆ ಈ ಮೆಟ್ಟಿಲೇ ಗತಿ.”

ನರ್ಸ್ ಒಂದು ಮೆಟ್ಟಿಲು ಕೆಳಗಿಳಿದು ಅವರ ಕೈಗೆ ಹೆಗಲನ್ನು ಸರಿಯಾಗಿ ಒಡ್ಡಿದಳು.

“ಒಳ್ಳೆ ಜನ ಕಣಮ್ಮ. ಕೆಳಗೆ ನಮ್ಮ ಹುಡುಗಿ ಹಗಲು ಮಲಗ್ತಾಳೆ, ಮಕ್ಕಳು ಕುಣಿದ್ರೆ ಅವಳಿಗೆ ಕಷ್ಟ ಅಂದೆ. ನೆಲಕ್ಕೆಲ್ಲ ದಪ್ಪ ಜಮಖಾನ ಹಾಸ್ತೀವಿ ಅಂತ ಒಪ್ಕೊಂಡಿದ್ರು. ನಿನಗೆ ಮೊದಲೇ ಹೇಳೋಣ ಅಂತ ಬಾಗಿಲವರೆಗೂ ಬಂದಿದ್ದೆ. ಮಲಗಿರ್ತೀಯಲ್ಲ ಅಂತ ತಟ್ಟಲಿಲ್ಲ.”

ಈ ಮಂಡಿಯಲ್ಲಿ ಮೆಟ್ಟಿಲಿಳಿದು ಬಂದು, ಬಾಗಿಲು ತಟ್ಟದೆ ಹಿಂದಿರುಗಿದ್ದರು. ನರ್ಸಿಗೆ ಇನ್ನು ತಡೆಯಲಾಗಲಿಲ್ಲ.

“ಬೇಡ ಅಂತ ಬರೆದದ್ದು ನಾನೇ, ಟೀಚರಮ್ಮ. ಮಕ್ಕಳ ಗಲಾಟೆಗೆ ಹೆದರಿ.”

ಹೆಗಲ ಮೇಲಿದ್ದ ಕೈ ತಟ್ಟನೆ ಸರಿಯಿತು. ಟೀಚರಮ್ಮ ಎರಡು ಕೈಯಲ್ಲೂ ಕಂಬಿ ಹಿಡಿದು, ತಾವಾಗಿಯೇ ಕಾಲು ಕೆಳಗಿಡಲು ನೋಡಿದರು. ಮಂಡಿ ಬಗ್ಗಲಿಲ್ಲ, ಕಾಲು ಮೇಲಿನ ಮೆಟ್ಟಿಲಲ್ಲೇ ಉಳಿಯಿತು. ಕೆಳಗೆ ಇನ್ನೂ ಮೂರು ಮಹಡಿ ಇತ್ತು.

ಆ ಕೈ ಕಂಬಿ ಬಿಟ್ಟು ಮತ್ತೆ ಅದೇ ಹೆಗಲಿಗೆ ಬಂತು.

“ನಡಿ,” ಎಂದರು ಟೀಚರಮ್ಮ, ಅವಳ ಮುಖ ನೋಡದೆ.