ಮುಳುಗಡೆ ಊರಿನಲ್ಲಿ ಒಂದು ಖರೀದಿ

ಬಾಗಲಕೋಟೆಯಲ್ಲಿ ಮನೆ ಬೇಕಾದವರು ಮೊದಲು ಹುಡುಕುತ್ತಿದ್ದುದು ದಲಾಲಿ ಮಾಳಪ್ಪನನ್ನು. ಬೇವೂರಿನ ಕುರುಬರ ಪೈಕಿ. ಹರೆಯದಲ್ಲಿ ಕಂಬಳಿ ಮಾರಲು ಪೇಟೆಗೆ ಬಂದವನು, ಯಾರದೋ ಮನೆಯನ್ನು ಯಾರಿಗೋ ತೋರಿಸಿ, ಎರಡೂ ಕಡೆಯವರು ಒಪ್ಪಿ ನಕ್ಕಾಗ ಆದ ಖುಷಿಗೆ ಅಲ್ಲೇ ಉಳಿದುಬಿಟ್ಟಿದ್ದ. ಅವನು ಮನೆಯನ್ನು ಹೊಗಳುತ್ತಿರಲಿಲ್ಲ. ಕದ ತೆರೆದು, ಗಂಡಸರನ್ನು ಪಡಸಾಲೆಯಲ್ಲಿ ಮಾತಿಗೆ ಕೂಡಿಸಿಕೊಂಡು, ಹೆಂಗಸರು ತಾವಾಗೇ ಅಡುಗೆ ಮನೆಗೆ ಹೋಗಲು ಬಿಡುತ್ತಿದ್ದ. "ಮನಿ ಕೊಳ್ಳಾವ್ರು ಗಂಡಸ್ರು, ಒಪ್ಪಾವ್ರು ಹೆಣ್ಮಕ್ಕಳು" ಎಂದು ಗೆಳೆಯರಲ್ಲಿ ಹೇಳುತ್ತಿದ್ದ. ಕಿಲ್ಲಾ, ಹಳಪೇಟೆ ಓಣಿಗಳಲ್ಲಿ ಅವನು ದಾರಿ ಹಿಡಿದು ನಡೆದರೆ ಎರಡೂ ಕಡೆಯ ಕಟ್ಟೆಗಳಿಂದ "ಬಾರೋ ಮಾಳಪ್ಪಾ, ಚಾ ಕುಡದು ಹೋಗು" ಎಂಬ ಮಾತು ತಪ್ಪುತ್ತಿರಲಿಲ್ಲ. ತಾನು ಮಾತ್ರ ವೆಂಕಟಪೇಟೆಯಲ್ಲಿ ಒಂದು ಬಾಡಿಗೆ ಖೋಲಿಯಲ್ಲಿದ್ದ.

ಆಲಮಟ್ಟಿಯಲ್ಲಿ ಅಣೆಕಟ್ಟು ಏಳುತ್ತದೆ, ಊರು ಮುಳುಗುತ್ತದೆ ಎನ್ನುವ ಮಾತು ಬಹಳ ವರ್ಷಗಳಿಂದ ಇತ್ತು. ಜನ ಅದನ್ನು ಪೂರಾ ನಂಬಿಯೂ ಇರಲಿಲ್ಲ, ಮರೆತೂ ಇರಲಿಲ್ಲ. ಆದರೆ ಎಂಬತ್ತರ ಇಸವಿಯ ಈಚೆಗೆ ಅಳತೆಯವರು ಬಂದು ಹೊಳೆಯ ಕಡೆಯ ಓಣಿಗಳ ಗೋಡೆಗಳ ಮೇಲೆ ಬಣ್ಣದಲ್ಲಿ ನಂಬರು ಬರೆದು ಹೋದ ಮೇಲೆ ಮನೆ ಕೊಳ್ಳುವವರು ನಿಂತೇಹೋದರು. ಇದ್ದವರೂ ಜಂತಿ ಬದಲಿಸಲಿಲ್ಲ, ಹಬ್ಬಕ್ಕೆ ಸುಣ್ಣ ಹೊಡೆಯಲಿಲ್ಲ. ಮುಳುಗುವ ಗೋಡೆಗೆ ಯಾಕೆ ಸುಣ್ಣ? ಬಡಿಗೇರರು, ಗೌಂಡಿಗಳು ಕೆಲಸ ಹುಡುಕಿಕೊಂಡು ಗೋವಾ, ಸೊಲ್ಲಾಪುರದ ಕಡೆ ಹೊರಟರು. ಸರಕಾರದ ಪರಿಹಾರ ಯಾವಾಗ ಬರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಕೆಲಸ ತಪ್ಪಿದ್ದನ್ನು ಮಾಳಪ್ಪ ಹೇಗೋ ತಾಳಿಕೊಂಡಾನು. ತಾಳಲಾಗದ್ದು ಇನ್ನೊಂದು. ಮಾಳಪ್ಪ ಯಾರದಾದರೂ ಕಟ್ಟೆಯ ಮೇಲೆ ಕುಳಿತರೆ, "ಅವ್ರು ಮನಿ ಮಾರಾಕ ಹತ್ಯಾರಂತ, ಕೈ ಸೋತಾವಂತ" ಎಂಬ ಸುದ್ದಿ ಸಂಜೆಯೊಳಗೆ ಓಣಿ ತುಂಬ ಹರಡುತ್ತಿತ್ತು. ಅದಕ್ಕೇ ಜನ ಅವನನ್ನು ಕರೆಯುವುದು ಬಿಟ್ಟರು. ಅವನು ಬರುವುದು ಕಂಡರೆ ಕಟ್ಟೆಯಿಂದ ಎದ್ದು ಒಳಗೆ ಹೋಗುವವರೂ ಇದ್ದರು. ಹೊಳೆಯ ದಾರಿಯ ಚಹದಂಗಡಿಯ ಗುರಪ್ಪ ಒಬ್ಬ ಮಾತ್ರ ಮೊದಲಿನಂತೆ ಇದ್ದ. ಅವನಿಗೆ ಸ್ವಂತ ಮನೆ ಇರಲಿಲ್ಲ.

ಹೆಂಡತಿ ಪದ್ಮವ್ವ ಹಿಂದಿನ ವರ್ಷ ಸುಗ್ಗಿಗೆಂದು ಗುಡೂರಿನ ತನ್ನ ತಮ್ಮನ ಮನೆಗೆ ಹೋದವಳು ತಿರುಗಿ ಬಂದಿರಲಿಲ್ಲ. ಜಗಳವೇನೂ ಆಗಿರಲಿಲ್ಲ. ಮಕ್ಕಳಿರಲಿಲ್ಲ. ಖೋಲಿಯಲ್ಲಿ ಒಲೆ ಹೊತ್ತಿಸಲು ಕಾರಣ ಕಡಿಮೆಯಾಗಿತ್ತು, ಅವಳು ಗುಡೂರಿನಲ್ಲೇ ಉಳಿದಳು. ಮಾಳಪ್ಪ ಗುರಪ್ಪನ ಅಂಗಡಿಯಲ್ಲಿ ಒಗ್ಗರಣೆ ಅವಲಕ್ಕಿ ತಿಂದು, ದಿನಾ ಧೋತರ ಒಗೆದು ಉಟ್ಟು, ಗಿರಾಕಿ ಇದ್ದಾರೇನೋ ಎಂಬಂತೆ ಪೇಟೆ ಸುತ್ತಿ ಬರುತ್ತಿದ್ದ. ಕೆಲವು ದಿನ ಗುರಪ್ಪನ ಹೊರತು ಯಾರ ಜೊತೆಗೂ ಒಂದು ಮಾತು ಆಡದೆ ಹೊತ್ತು ಮುಳುಗುತ್ತಿತ್ತು.

ಹೀಗಿರುವಾಗ ಶ್ರಾವಣದ ಒಂದು ಮುಂಜಾನೆ, ಬಿಳಿ ಸೀರೆ ಉಟ್ಟ, ಕೈಯಲ್ಲಿ ಕೊಡೆ ಹಿಡಿದ ಗಟ್ಟಿಮುಟ್ಟಾದ ಹೆಂಗಸೊಬ್ಬಳು ಅಂಗಡಿಯ ಮುಂದೆ ಬಂದು ನಿಂತಳು.

"ಮನಿ ದಲಾಲಿ ಮಾಳಪ್ಪ ಅನ್ನಾವ್ರು ಯಾರ್ರಿ?"

ಮಾಳಪ್ಪ ಎದ್ದು ನಿಂತ. "ನಾನ ರಿ. ಮನಿ ಮಾರೂದಿತ್ತೇನ್ರಿ?"

"ಇಲ್ರಿ. ಕೊಳ್ಳೂದೈತಿ."

ಗುರಪ್ಪ ಚಹ ಸೋಸುವುದನ್ನು ನಿಲ್ಲಿಸಿ ನೋಡಿದ.

ಅವಳ ಹೆಸರು ತಾಯವ್ವ. ಬದಾಮಿ ದವಾಖಾನೆಯಲ್ಲಿ ನರ್ಸ್ ಆಗಿದ್ದು ಆಗಷ್ಟೇ ನಿವೃತ್ತಿಯಾಗಿದ್ದಳು. ಅದಕ್ಕೂ ಮೊದಲು ಹುನಗುಂದ, ಚೊಳಚಗುಡ್ಡ, ಹೀಗೆ ವರ್ಗ ಆದಲ್ಲೆಲ್ಲ ದುಡಿದವಳು. ಗಂಡ ತೀರಿ ಬಹಳ ಕಾಲವಾಗಿತ್ತು. ಕ್ವಾರ್ಟರ್ಸ್ ಬಿಟ್ಟು ಅಕ್ಕನ ಮಗನ ಮನೆಯಲ್ಲಿ ಸಾಮಾನು ಇಟ್ಟಿದ್ದಳು.

ಮಾಳಪ್ಪ ಅವಳಿಗೆ ಮೊದಲು ಹೇಳಿದ್ದು ಮುಳುಗಡೆಯ ಮಾತನ್ನೇ. "ನರ್ಸಬಾಯಾರ, ನಿಮಗ ಗೊತ್ತೈತೋ ಇಲ್ಲೋ. ಈ ಕೆಳಗಿನ ಓಣಿ ಎಲ್ಲಾ ನೀರಾಗ ಹೋಗ್ತಾವ."

"ಗೊತ್ತೈತಿ. ಅದಕ್ಕ ಬಂದೇನಿ."

"ಅದಕ್ಕಂದ್ರ?"

"ಬದಾಮ್ಯಾಗ ನನ್ನ ರೊಕ್ಕಕ್ಕ ಒಂದು ಖೋಲಿನೂ ಬರೂದಿಲ್ಲ. ಇಲ್ಲಿ ಮನಿ ಬರ್ತೈತಿ. ನೀರು ಯಾವಾಗ ಬರ್ತೈತಿ?"

"ಯಾರಿಗ್ಗೊತ್ರಿ. ಐದು ವರ್ಷ ಅಂತಾರ, ಹದಿನೈದು ಅಂತಾರ."

"ನಂದೂ ಹಂಗ ಐತಿ" ಎಂದು ತಾಯವ್ವ ನಕ್ಕಳು. "ಅದು ಮೊದಲು ಬರ್ತೈತೋ, ನಾ ಮೊದಲು ಹೋಗ್ತೇನೋ ನೋಡೂಣು. ಅಲ್ಲೀತನಾ ನನ್ನ ಕದ ನಾ ಹಾಕ್ಕೊಬೇಕು, ನಾ ತಗೀಬೇಕು. ಇಷ್ಟ."

ಮಾಳಪ್ಪನ ಹತ್ತಿರ ಕಿಲ್ಲಾದ ಒಂದು ಮನೆಯ ಕೀಲಿ ಇತ್ತು. ಮುರ್ತುಜಸಾಬ ಎಂಬುವರದು. ಅವರು ಇಳಕಲ್ಲಿಗೆ ಹೋಗಿ ಮಗ್ಗ ಹಾಕಿ ನಾಲ್ಕಾರು ವರ್ಷಗಳಾಗಿದ್ದವು. ಮಾರಿಕೊಡು ಎಂದು ಹೇಳಿ ಕೀಲಿ ಕೊಟ್ಟವರು ಮತ್ತೆ ಕೇಳಿರಲಿಲ್ಲ. ಕದ ತೆರೆದಾಗ ಒಳಗಿನ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಪಡಸಾಲೆಯಲ್ಲಿ ಮಾತಿಗೆ ಕೂಡಿಸಿಕೊಳ್ಳಲು ಗಂಡಸರು ಯಾರೂ ಇರಲಿಲ್ಲವಾದ್ದರಿಂದ ಮಾಳಪ್ಪ ಒಬ್ಬನೇ ಕಂಬಕ್ಕೆ ಆತು ನಿಂತ. ತಾಯವ್ವ ಅಡುಗೆ ಮನೆಯಲ್ಲಿ ಬಹಳ ಹೊತ್ತು ಇದ್ದಳು. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಬೆಳಕಿಂಡಿಯ ಬಿಸಿಲು ಎಲ್ಲಿ ಬೀಳುತ್ತದೆ ನೋಡಿದಳು. ಹಿತ್ತಲ ಬಾಗಿಲು ತೆರೆದಳು. ಕೆಳಗೆ ದೂರದಲ್ಲಿ ಘಟಪ್ರಭೆ ಕೆಂಪಗೆ ಹರಿಯುತ್ತಿತ್ತು.

"ಹೊಳಿ ದೂರ ಐತಲ್ಲ."

"ಸದ್ಯಕ್ಕ ದೂರ ಐತ್ರಿ."

"ಇದ ಇರಲಿ" ಎಂದಳು.

ಮರುದಿನವೇ ಮಾಳಪ್ಪ ಇಳಕಲ್ಲಿನ ಬಸ್ಸು ಹತ್ತಿದ. ಒಂದು ಕೆಲಸದ ಮೇಲೆ ಬಸ್ಸಿನಲ್ಲಿ ಕೂತು ಎಷ್ಟು ಕಾಲವಾಗಿತ್ತೋ. ಪಕ್ಕದವನಿಗೆ, ಕೇಳದಿದ್ದರೂ, "ಒಂದು ಮನಿ ವ್ಯವಹಾರಕ್ಕ ಹೊಂಟೇನಿ" ಎಂದು ಹೇಳಿಕೊಂಡ.

ಮುರ್ತುಜಸಾಬರ ಮನೆಯಲ್ಲಿ ಮೂರು ಕುಣಿಮಗ್ಗಗಳಲ್ಲಿ ಎರಡು ಸುಮ್ಮನಿದ್ದವು. ನೂಲಿನ ಬೆಲೆ ಏರಿತ್ತು, ಸೀರೆ ಕೊಳ್ಳುವವರು ಇಳಿದಿದ್ದರು. ಮುದುಕರು ಮಾಳಪ್ಪನನ್ನು ಪ್ರೀತಿಯಿಂದ ಕೂಡಿಸಿಕೊಂಡು ಚಹ ತರಿಸಿದರು. ಮಾತು ಕೇಳಿದ ಮೇಲೆ ಮಾತ್ರ ಅವರ ಮುಖ ಸಣ್ಣದಾಯಿತು.

"ಮಾಳಪ್ಪಾ, ಕೀಲಿ ಕೊಟ್ಟಾಗಿನ ಮಾತು ಬ್ಯಾರೆ. ಈಗ ಗೋಡಿಗೆ ನಂಬರು ಬಿದ್ದೈತಿ. ಮುಳುಗೋ ಮನೀನ ಗಂಡ ಇಲ್ಲದ ಒಬ್ಬ ಹೆಣಮಗಳಿಗೆ ಮಾರಿದ್ರ ನಾ ಅಲ್ಲಾನ ಮುಂದ ಏನ್ ಹೇಳ್ಲಿ?"

"ಸಾಹೇಬ್ರ, ಆಕಿಗೆ ಎಲ್ಲಾ ಗೊತ್ತೈತ್ರಿ. ನಾನ ಹೇಳೇನಿ. ಪರಿಹಾರ ಬಂದ್ರೂ ಆಕಿಗೇ ಬರ್ತೈತಿ."

"ಬಂದಾಗಿನ ಮಾತು ಅದು." ಮುದುಕರು ನಿಂತ ಮಗ್ಗದ ಕಡೆ ನೋಡಿದರು. ರೊಕ್ಕದ ಅಡಚಣೆ ಇದೆ ಎಂಬುದು ಹೇಳಬೇಕಾಗಿರಲಿಲ್ಲ. ಆದರೂ ಅವರು ಅಂದದ್ದು, "ಹಿಂಗ ಮಾಡು. ಕೀಲಿ ಆಕಿಗೆ ಕೊಡು. ನೀರು ಬರೂತನಕ ಇರ್ಲಿ. ಬಾಡಿಗಿನೂ ಬ್ಯಾಡ. ಖಾಲಿ ಮನಿಗೆ ಒಂದು ದೀಪ ಆಗ್ತೈತಿ."

ಕೊಳ್ಳುವವರೂ ಸಿಕ್ಕು, ಮನೆಯೂ ಸಿಕ್ಕು, ದಲಾಲಿ ಕೆಲಸವೇ ಇಲ್ಲದಂತಾಗಿತ್ತು. ಇಂಥ ಒಳ್ಳೆಯತನದ ಎದುರು ಮಾಳಪ್ಪನಿಗೆ ವಾದಿಸುವುದಕ್ಕಾಗಲಿಲ್ಲ. "ಆಕೀನ ಕೇಳಿ ಬರ್ತೇನ್ರಿ" ಎಂದು ಎದ್ದ.

ತಿರುಗಿ ಬರುವಾಗ ಗುಡೂರಿನಲ್ಲಿ ಇಳಿದ. ಪದ್ಮವ್ವ ತಮ್ಮನ ಮನೆಯ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಊರಿನ ಬಾಲವಾಡಿಯಲ್ಲಿ ಮಕ್ಕಳಿಗೆ ಉಪ್ಪಿಟ್ಟು ಮಾಡಿ ಹಾಕುವ ಕೆಲಸ ಸಿಕ್ಕಿದೆ ಎಂದು ಹೇಳಿದಳು. ಮೈ ಕೊಂಚ ತುಂಬಿಕೊಂಡಿದ್ದಳು. ದಾರಿಯಲ್ಲಿ ಹೋಗುವ ಹೆಂಗಸರು ಅವಳನ್ನು ಹೆಸರು ಹಿಡಿದು ಮಾತಾಡಿಸುತ್ತಿದ್ದರು. ಮಾಳಪ್ಪ ಬೀಗರಂತೆ ಕಂಬಳಿಯ ಮೇಲೆ ಕುಳಿತ.

"ಒಂದು ಗಿರಾಕಿ ಬಂದೈತಿ" ಎಂದ.

"ಖರೇನ?"

ನರ್ಸಬಾಯಿಯ ಸಂಗತಿ ಹೇಳಿದ. ಪದ್ಮವ್ವ ಮೊರ ನಿಲ್ಲಿಸಿ ಕೇಳಿದಳು.

"ಒಬ್ಬಾಕೀನ?"

"ಒಬ್ಬಾಕಿ."

"ಹೆಣಮಗಳು ತನಗೊಂದು ಮನಿ ಬೇಕಂತ ನಿಮ್ಮ ತನಕ ಬಂದಾಳ" ಎಂದಳು. ಮತ್ತೆ ಮೊರ ಆಡಿಸುತ್ತ, "ನಾನೂ ಮದಿವಿಯಾಗಿ ಬಂದಾಗ ಅದನ್ನ ಅಂದಿದ್ದೆ. ಹಳಪೇಟ್ಯಾಗ ಬೇವಿನ ಗಿಡದ ಮನಿ. ನಿಮಗ ನೆಪ್ಪೈತೇನು?"

ಮಾಳಪ್ಪನಿಗೆ ನೆನಪಿತ್ತು. ಆ ಮನೆಯನ್ನು ಅವನು ವಕೀಲರೊಬ್ಬರಿಗೆ ಕೊಡಿಸಿದ್ದ. ಒಳ್ಳೆಯ ವ್ಯವಹಾರವಾಗಿತ್ತು. ಅವತ್ತು ಪದ್ಮವ್ವ ಏನೂ ಅಂದಿರಲಿಲ್ಲ, ಅವನೂ ಕೇಳಿರಲಿಲ್ಲ.

"ಇಲ್ಲೇ ಇದ್ದುಬಿಡ್ರಲ್ಲ" ಎಂದಳು ಅವಳು ಜೋಳದ ಕಡೆ ನೋಡುತ್ತಲೇ.

"ಇದೊಂದು ಮುಗಿಸಿ ನೋಡೂಣು."

ರೊಟ್ಟಿ ಬಡಿದು ಹಾಕಿದಳು. ಉಂಡು ಕಡೆಯ ಬಸ್ಸಿಗೆ ಹೊರಟ. ಅವಳು ಬಸ್ಸಿನ ತನಕ ಬರಲಿಲ್ಲ.

ತಾಯವ್ವನಿಗೆ ಮುರ್ತುಜಸಾಬರ ಮಾತನ್ನು ಇದ್ದದ್ದು ಇದ್ದಂತೆ ಹೇಳಿದ. ಹೇಳದೆ ಬೇರೆ ಮನೆ ತೋರಿಸಬಹುದಿತ್ತು, ದಲಾಲಿಯಾದರೂ ಸಿಗುತ್ತಿತ್ತು. ಬಸ್ಸಿನಲ್ಲಿ ಆ ವಿಚಾರ ಬಂದದ್ದೂ ಹೌದು. ಆದರೆ ಅವಳ ಮುಖ ನೋಡಿದ ಕೂಡಲೇ ಮಾತು ತಾನಾಗೇ ಹೊರಬಿತ್ತು.

ತಾಯವ್ವ ಸಂತೋಷಪಡಲಿಲ್ಲ. "ದೊಡ್ಡ ಮನಸು ಅವ್ರದು. ಆದ್ರ ಬ್ಯಾಡ್ರಿ."

"ಪುಗಸಟ್ಟೆ ಐತಲ್ರಿ!"

"ಮಾಳಪ್ಪನವರ, ನನ್ನ ಇಡೀ ಜಲ್ಮ ಸರಕಾರದ ಗ್ವಾಡಿ ನಡಕ ಹೋತು. ಗ್ವಾಡಿಗೆ ಒಂದು ಮೊಳಿ ಹೊಡೀಬೇಕಂದ್ರ ಸಾಹೇಬ್ರನ್ನ ಕೇಳಬೇಕಿತ್ತು. ಈಗ ಇವ್ರ ಮನ್ಯಾಗ ಇದ್ರ ಮತ್ತ ಅವ್ರನ್ನ ಕೇಳಬೇಕು. ಅವ್ರು ಹೂಂ ಅಂತಾರ, ಆದ್ರೂ ಕೇಳಬೇಕಲ್ಲ? ಮುಳುಗಿದ್ರ ನಂದು ಮುಳುಗ್ಲಿ."

ಮಾಳಪ್ಪ ಮತ್ತೆ ಇಳಕಲ್ಲಿಗೆ ಹೋದ. ಈ ಸಲ ಅವನಲ್ಲಿ ಮಾತಿತ್ತು. ತಾಯವ್ವ ಅಂದದ್ದನ್ನೇ ಮುರ್ತುಜಸಾಬರ ಮುಂದೆ ಹೇಳಿದ, ತನ್ನದೊಂದು ಮಾತೂ ಸೇರಿಸದೆ. ಮುದುಕರು ಗಡ್ಡ ನೀವಿಕೊಂಡರು. ಕಡೆಗೆ, "ಹಂಗಾರ ಕೊಡೂದ ಪುಣ್ಯ ಬಿಡು" ಎಂದರು.

ಖರೀದಿ ಪತ್ರಕ್ಕೆ ಸಹಿ ಆದ ದಿನ ರಿಜಿಸ್ಟರ್ ಆಫೀಸಿನ ಕಾರಕೂನ ಮಾಳಪ್ಪನನ್ನು ಕಂಡು, "ಊರ ಬಿಟ್ಟ ಹೋಗೀದಿ ಅಂತ ಮಾಡಿದ್ನೆಪ್ಪಾ" ಎಂದ. ಸಹಿ ಮುಗಿದ ಮೇಲೆ ಕೊಟ್ಟವರು, ಕೊಂಡವಳು, ಮಾಳಪ್ಪ ಮೂವರೂ ಕಿಲ್ಲಾಕ್ಕೆ ನಡೆದರು. ಮುರ್ತುಜಸಾಬರು ಒಳಗೆ ಹೋಗಿ, ತಮ್ಮ ತಾಯಿ ನಮಾಜು ಮಾಡುತ್ತಿದ್ದ ಮೂಲೆಯಲ್ಲಿ ಒಂದು ಗಳಿಗೆ ನಿಂತು, ಗೋಡೆಯನ್ನು ಅಂಗೈಯಿಂದ ಸವರಿ ಹೊರಗೆ ಬಂದರು. ತಾಯವ್ವ ಅವರಿಗೆ ಚಹ ಮಾಡಿಕೊಟ್ಟಳು. ಅವರು ಹೋದ ಮೇಲೆ ಅವಳು ಮಾಡಿದ ಮೊದಲ ಕೆಲಸವೆಂದರೆ ಗೌಂಡಿಯನ್ನು ಹುಡುಕಿಸಿ ಸುಣ್ಣ ಹೊಡೆಸಿದ್ದು. ಸುಣ್ಣ ಗೋಡೆಯ ನಂಬರಿನ ಮೇಲೂ ಹಾಯಿತು. ಇಡೀ ಓಣಿಯಲ್ಲಿ ಅದೊಂದೇ ಮನೆ ಬೆಳ್ಳಗೆ ಕಾಣತೊಡಗಿತು.

ಮಾಳಪ್ಪನಿಗೆ ಸಂಜೆ ಹೊತ್ತು ಅಲ್ಲಿಗೆ ಹೋಗುವ ರೂಢಿಯಾಯಿತು. ಅವನು ಕಟ್ಟೆಯ ಮೇಲೆ ಕೂತರೆ ಹೆದರುವ ಕಾರಣ ತಾಯವ್ವನಿಗಿರಲಿಲ್ಲ. ಇಬ್ಬರೂ ಒಂದಿಷ್ಟು ಮಾತಾಡುತ್ತಿದ್ದರು, ಇಲ್ಲವೆ ಹೊಳೆಯ ಕಡೆಯಿಂದ ಬರುವ ದನ ನೋಡುತ್ತಿದ್ದರು. ಆದರೆ ನರ್ಸಬಾಯಿ ಬಂದಿದ್ದಾಳೆಂದು ಗೊತ್ತಾದ ಮೇಲೆ ಓಣಿಯ ಹೆಂಗಸರು ಬರತೊಡಗಿದರು. ಬಸುರಿ ಹೆಂಗಸರು, ಜ್ವರದ ಕೂಸನ್ನು ಸೊಂಟದಲ್ಲಿ ಇಟ್ಟುಕೊಂಡವರು, ಸುಮ್ಮನೆ ಎಲೆ ಅಡಿಕೆ ಹಾಕಿಕೊಳ್ಳಲು ಬಂದವರು. ದೀಪಾವಳಿಯ ಹೊತ್ತಿಗೆ ಕಟ್ಟೆ ಎಂದೂ ಖಾಲಿ ಇರುತ್ತಿರಲಿಲ್ಲ. ಹೆಂಗಸರ ನಡುವೆ ಗಂಡಸು ಎಲ್ಲಿ ಕೂಡಬೇಕು? ಮಾಳಪ್ಪ ದಾರಿಯಲ್ಲೇ ನಿಂತು, "ಆರಾಮ ಅದೀರಿಲ್ರಿ?" ಎಂದು ಕೇಳಿ ಮುಂದೆ ಹೋಗುತ್ತಿದ್ದ. ತಾನು ಮಾಡಿದ ಎಲ್ಲ ವ್ಯವಹಾರಗಳೂ ಹೀಗೇ ಮುಗಿದಿದ್ದವು. ಕದ ತೆರೆದುಕೊಡುವ ತನಕ ಅವನು ಬೇಕು. ಆಮೇಲೆ ಒಳಗಿನವರಿಗೆ ಒಳಗಿನ ಕೆಲಸ. ಮೊದಲು ಅದು ಅವನ ಮನಸ್ಸಿಗೆ ನಾಟುತ್ತಿರಲಿಲ್ಲ, ಏಕೆಂದರೆ ಇನ್ನೊಂದು ಮನೆ ಕಾಯುತ್ತಿರುತ್ತಿತ್ತು.

ಮತ್ತೆ ಗಿರಾಕಿ ಬರಲಿಲ್ಲ. ಚಳಿಗಾಲ ಮುಗಿಯುವಾಗ ಒಂದು ದಿನ ತಾಯವ್ವ ಅವನನ್ನು ನಿಲ್ಲಿಸಿ ಕೇಳಿದಳು.

"ಮನ್ಯಾಗಿನವರು ಗುಡೂರಾಗ ಇರ್ತಾರಂತಲ್ಲ?"

"ಹೌದ್ರಿ."

"ನಾ ಒಬ್ಬಾಕಿ ಇರೂದಕ್ಕ ಕಾರಣ ಐತಿ. ನಿಮಗೇನೈತಿ?"

ಮಾಳಪ್ಪ ತಿರುಗಿ ಖೋಲಿಯ ಕಡೆ ನಡೆದ.

ಮುಂದಿನ ವಾರ ಖೋಲಿ ಬಿಟ್ಟ. ಸಾಮಾನೆಲ್ಲ ಒಂದು ಟ್ರಂಕಿಗೆ, ಒಂದು ಹಾಸಿಗೆ ಸುರುಳಿಗೆ ಮುಗಿಯಿತು. ಗುರಪ್ಪ ಬಸ್ ಸ್ಟ್ಯಾಂಡಿನ ತನಕ ಟ್ರಂಕು ಹಿಡಿದು ಬಂದ. ಗುಡೂರಿನಲ್ಲಿ ಪದ್ಮವ್ವ ಅವನನ್ನು ನೋಡಿ, ಹಿಂದಿನ ಕೋಣೆಯಲ್ಲಿ ಹರವಿದ್ದ ತನ್ನ ಸೀರೆಗಳನ್ನು ಒಂದು ಕಡೆ ಸರಿಸಿ ಟ್ರಂಕಿಗೆ ಜಾಗ ಮಾಡಿದಳು.

"ಇಲ್ಲಿ ಯಾರೂ ಮನಿ ಮಾರೂದಿಲ್ಲ, ಕೊಳ್ಳೂದಿಲ್ಲ" ಎಂದಳು ಉಣ್ಣಲು ಹಾಕುತ್ತ. "ತಮ್ಮನ ಕುರಿ ಅದಾವ. ಕಾಯಾಕ ಆಳಿಲ್ಲ ಅಂತ ಗೋಳಾಡಾಕ ಹತ್ಯಾನ."

"ಕುರಿ ಕಾಯೂದು ಮರತಿಲ್ಲ ತಗೋ."

"ಕುಲದೇವ್ರು ಬೀರಪ್ಪ ಮರ್ಯಾಕ ಬಿಟ್ಟಾನ?" ಎಂದು ಅವಳು ನಕ್ಕಳು. ಬಹಳ ದಿನದ ಮೇಲೆ ಆ ನಗೆ ಕೇಳಿ ಮಾಳಪ್ಪ ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಅಂದಿನಿಂದ ಮುಂಜಾನೆ ಕುರಿ ಹೊಡೆದುಕೊಂಡು ಹೋಗಿ ಹೊತ್ತು ಮುಳುಗುವಾಗ ಬರುತ್ತಿದ್ದ. ಎರೆ ಹೊಲಗಳಾಚೆಯ ಕಲ್ಲು ಬಯಲಿನಲ್ಲಿ ಇಡೀ ದಿನ ಮನುಷ್ಯರ ಸದ್ದಿರುತ್ತಿರಲಿಲ್ಲ. ಪೇಟೆಯಲ್ಲಿ ಹಗಲೆಲ್ಲ ಸುಮ್ಮನಿದ್ದಾಗ ಎದೆಯಲ್ಲಿ ಏನೋ ಒತ್ತುತ್ತಿತ್ತು. ಇಲ್ಲಿಯೂ ಒತ್ತುತ್ತಿತ್ತು, ಆದರೆ ಸಂಜೆಯ ತನಕ ಮಾತ್ರ. ಒಮ್ಮೆ ರಸ್ತೆಯ ಬದಿಗೆ ಕುರಿ ಮೇಯುತ್ತಿದ್ದಾಗ ಬಾಗಲಕೋಟೆಯ ಬಸ್ಸು ನಿಧಾನಿಸಿತು. ಯಾರೋ ಕಿಡಕಿಯಿಂದ ಹೊರಗೆ ಬಾಗಿ ಕೂಗಿದರು.

"ಮಾಳಪ್ಪಾ! ಮಾರಾಕ ಯಾವುದಾರ ಮನಿ ಐತೇನೋ?"

"ಇಲ್ಲೋ ಮಾರಾಯಾ" ಎಂದು ಅವನೂ ಕೂಗಿದ. ಯಾರೆಂದು ಗುರುತು ಸಿಗುವಷ್ಟರಲ್ಲಿ ಬಸ್ಸು ಮುಂದೆ ಹೋಗಿತ್ತು. ಧೂಳು ಇಳಿಯುವ ತನಕ ಅಲ್ಲೇ ನಿಂತಿದ್ದು, ಆಮೇಲೆ ಹಿಂದೆ ಉಳಿದ ಕುಂಟು ಮರಿಯನ್ನು ಎತ್ತಿಕೊಂಡು ಹಿಂಡಿನ ಕಡೆ ನಡೆದ.