ಸಾಹುಕಾರರ ಕರಿಕಿ

ರೋಣದಲ್ಲಿ ಕರಿಕಿ ಹುಲ್ಲನ್ನು ಬೇಕೆಂದು ಬೆಳೆಸಿದವರು ನಮ್ಮ ಚಿಗವ್ವನ ಗಂಡ ಅಂದಾನಪ್ಪನವರೊಬ್ಬರೇ. ನಮ್ಮ ಕಡೆ ಕರಿಮಣ್ಣಿನ ಎರಿ ಹೊಲಕ್ಕೆ ಕರಿಕಿ ಹೊಕ್ಕಿತೆಂದರೆ ಮನೆಮಂದಿಯೆಲ್ಲ ಸಲಿಕೆ ಹಿಡಿದು ಆಳಕ್ಕೆ ಅಗೆದು, ಬೇರು ಆರಿಸಿ ಸುಡುತ್ತಾರೆ. ಚಿಗಪ್ಪ ಅದನ್ನೇ ಪಕ್ಕದ ಸವಡಿ ಊರಿನ ಹೊಲದೊಡ್ಡುಗಳಿಂದ ಚಕ್ಕಡಿಗಟ್ಟಲೆ ತರಿಸಿ, ಬಂಗಲೆಯ ಮುಂದೆ ನೆಡಿಸಿ, ಸಿಹಿನೀರು ಹಾಕಿಸಿದರು. ಪುಣೆಯಲ್ಲಿ ಯಾರದೋ ಹುಲ್ಲಿನಂಗಳ ನೋಡಿ ಬಂದಿದ್ದರು.

ನೀರು ಹಾಕುತ್ತಿದ್ದ ಮಾಯವ್ವ ಜೊತೆಯವಳಿಗೆ ಹೇಳುವುದು ನನಗೆ ಕೇಳಿಸುತ್ತಿತ್ತು: "ಮುಂದಿನ ವರ್ಷ ನೆರಳಿಗಂತ ಜಾಲಿ ಹಚ್ಚತಾರಂತ ಯಕ್ಕಾ. ಆಮ್ಯಾಲ ಹಾವು ಸಾಕತಾರಂತ."

ನಾನು ಧಾರವಾಡದ ಕಾಲೇಜಿನಿಂದ ದೀಪಾವಳಿ ರಜೆಗೆ ಬಂದಾಗ ಹುಬ್ಬಳ್ಳಿಯ ಲಿಲಾವಿನಲ್ಲಿ ಕೂಗಿ ಹಿಡಿದ ಒಂದು ಯಂತ್ರವೂ ಬಂದಿತ್ತು. ಮೇಲೆ ಕೂತು ನಡೆಸುತ್ತ ಹುಲ್ಲು ಕತ್ತರಿಸುವಂಥದು. ಬಲಕ್ಕೊಂದು ಕಬ್ಬಿಣದ ಹಿಡಿಕೆ, ಅದಕ್ಕೆ ಸಾಲಾಗಿ ಕಚ್ಚುಗಳು. ಒಂದೊಂದು ಕಚ್ಚು ಇಳಿಸಿದಂತೆ ಅಲಗು ನೆಲಕ್ಕೆ ಹತ್ತಿರವಾಗುತ್ತಿತ್ತು. ಅದನ್ನು ನಡೆಸುವ ಕೆಲಸ ಜೀಪಿನ ಡ್ರೈವರ್ ಮೋದಿನಸಾಬನ ತಲೆಗೆ ಬಂತು.

"ಇದಕ್ಕೇನರ ಆತಂದ್ರ ಜೀಪಿನ ಕೀಲಿ ಇಟ್ಟು, ಖೋಲಿ ಖಾಲಿ ಮಾಡಿ ನಡಿ," ಎಂದು ಚಿಗಪ್ಪ ಮೊದಲೇ ಹೇಳಿಬಿಟ್ಟಿದ್ದರು. ಬಂಗಲೆಯ ಹಿಂದಿನ ಆ ಖೋಲಿಯಲ್ಲಿ ಅವನ ಹೆಂಡತಿ ಕಮರುನ್ನಿಸಾ ತುಂಬು ಬಸುರಿ.

ಆ ದಿನ ಸಂಜೆ ನಾಲ್ಕಾರು ತಾಲೂಕುಗಳ ಮೇಲಿನ ಸರಕಾರಿ ಅಧಿಕಾರಿ, ಪ್ರಾಂತ ಸಾಹೇಬರು, ಚಹಾಕ್ಕೆ ಬರುವವರಿದ್ದರು. ಮಧ್ಯಾಹ್ನ ಮೋದಿನಸಾಬ ಹಿಡಿಕೆಯನ್ನು ನಡುವಿನ ಕಚ್ಚಿಗೆ ಸಿಗಿಸಿ ಒಂದು ಪಟ್ಟಿ ಕತ್ತರಿಸಿದ. ನನ್ನ ಕಣ್ಣಿಗೆ ಚೆನ್ನಾಗಿಯೇ ಕಂಡಿತು.

"ಇದೇನ ಕೊಯ್ದೀಯೋ, ಕರಿಕಿಗೆ ತಲಿ ಬಾಚೀಯೋ?" ಎಂದರು ಚಿಗಪ್ಪ. "ಇಳಸಲೇ."

ಒಂದು ಕಚ್ಚು ಇಳಿಸಿದ.

"ಇನ್ನೂ ಇಳಸು. ನಿಮ್ಮಪ್ಪನ ಗಡ್ಡ ಏನದು, ಇಷ್ಟ ಮರ್ಯಾದಿ ಕೊಡಾಕ?"

"ಕಡೀ ಕಚ್ಚೊಂದ ಉಳದೈತ್ರಿ ಧಣ್ಯಾರ. ಇಳಸ್ಲೇನ್ರಿ?"

"ಇಳೀ ಕೆಳಗ. ನಿಮ್ಮಂಥಾ ಧಡ್ಡರಿಗೆ ಹೇಳೂದಕ್ಕಿಂತ ನಾನ ಮಾಡೂದು ಲಗೂ ಆಗತದ."

ಕಬ್ಬಿಣದ ಆಸನ ಬಿಸಿಲಿಗೆ ಕಾದಿತ್ತು. ಬೈಸಿಕೊಂಡ ಮನುಷ್ಯ ಹೆಗಲ ಮೇಲಿನ ವಸ್ತ್ರ ತೆಗೆದು, ಮಡಿಚಿ, ಆಸನದ ಮೇಲೆ ಹಾಸಿದ. ಚಿಗಪ್ಪ ಅದನ್ನು ನೋಡಲೂ ಇಲ್ಲ, ಕೂತರು.

ಪುಣೆ ನೋಡಿಬಂದದ್ದು ಅವರ ಕಣ್ಣು ಮಾತ್ರ. ಕೈ, ತಲೆಮಾರುಗಳಿಂದ ಕರಿಕಿ ಕೀಳುತ್ತ ಬಂದ ಮನೆತನದ್ದು. ಆ ಕೈ ಹಿಡಿಕೆಯನ್ನು ಕಟ್ಟಕಡೆಯ ಕಚ್ಚಿಗೆ ಇಳಿಸಿತು. ಅಲಗು ಮಣ್ಣಿಗೆ ಹೊಕ್ಕಿತು. ಹೆಂಟೆ ಎದ್ದಿತು, ಬೇರಿನ ಬಳ್ಳಿಗಳು ಹಾರಿದವು. ಇಷ್ಟಾದರೂ ಅವರು ನಿಲ್ಲಿಸಲಿಲ್ಲ. ಹೊಲ ಹಸನು ಮಾಡುವವರ ಖುಷಿಯಲ್ಲಿ ಮುಖ ಅರಳಿಹೋಗಿತ್ತು.

"ಹಾಂ! ಬೇರ ಸೈತ ಬಂತ ನೋಡಲೇ! ಕರಿಕಿ ತಗಿಯೂದಂದ್ರ ಹಿಂಗ!"

"ಶಾಬಾಸ್ ಸಾಹುಕಾರ್ರ," ಎಂದಳು ಮಾಯವ್ವ ಕೊಡ ಇಳಿಸಿ. "ಇನ್ನ ಬಿತ್ತೂದೊಂದ ಬಾಕಿ ನೋಡ್ರಿ!"

ಆಗ ಅವರು ಹಿಂತಿರುಗಿ ನೋಡಿದರು. ಅರ್ಧ ಅಂಗಳ ಕರ್ರಗೆ ಬಿದ್ದಿತ್ತು. ಯಂತ್ರದಿಂದ ಇಳಿಯುವುದಕ್ಕೂ, ಹೇಳಿದ ಹೊತ್ತಿಗಿಂತ ಮೊದಲೇ ಪ್ರಾಂತ ಸಾಹೇಬರ ಮೋಟಾರು ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು.

"ಏನ್ರಿ ಇದು ಅಂದಾನಪ್ಪನವರ?" ಎಂದರು ಸಾಹೇಬರು.

ಚಿಗಪ್ಪನ ಬೆರಳು ತಡಮಾಡದೆ ಮೋದಿನಸಾಬನ ಕಡೆ ಹೋಯಿತು. "ಈ ಧಡ್ಡನ ಕೆಲಸ ನೋಡ್ರಿ! ಬ್ಯಾಡಲೇ ಬ್ಯಾಡಲೇ ಅಂದ್ರೂ ಕೇಳಲಿಲ್ಲ. ಇವತ್ತಿಗೆ ಇವನ ನೌಕರಿ..."

ಮೋದಿನಸಾಬ ತಲೆ ತಗ್ಗಿಸಿ ಕಿಸೆಯಿಂದ ಜೀಪಿನ ಕೀಲಿ ತೆಗೆದ.

ಅಷ್ಟರಲ್ಲಿ ಚಿಗವ್ವ ರೇಣುಕವ್ವ ಸೆರಗು ಹೊದ್ದು ಕಟ್ಟೆಯ ಮೇಲೆ ಬಂದು ನಿಂತಳು. ಪರ ಗಂಡಸರ ಮುಂದೆ ಅವಳು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಅವರು ಚಾಷ್ಟಿ ಮಾಡಾಕತ್ಯಾರ್ರಿ ಸಾಹೇಬ್ರ. ಹುಲ್ಲು ತಗದು ಹಿಂಗಾರಿ ಕಡ್ಲಿ ಹಾಕೂಣಂತ ನಾನ ಅಂದಿದ್ದೆ. ನನ್ನ ಮಾತಿಗೆ ಅವರ ಖುದ್ದ ಯಂತ್ರದ ಮ್ಯಾಲ ಕೂತು ತಗದ್ರು. ಮೋದಿನಸಾಬ ಏನೂ ಮಾಡಿಲ್ರಿ."

ಸಾಹೇಬರ ಮುಖ ಬೆಳಗಿತು. ಹೆಚ್ಚು ಧಾನ್ಯ ಬೆಳೆಯಿರೆಂದು ಸರಕಾರದವರು ಊರೂರಲ್ಲಿ ಭಾಷಣ ಮಾಡುತ್ತಿದ್ದ ಕಾಲವದು. "ಭಾಳ ಚಲೋ ಕೆಲಸಾ! ಸಾಹುಕಾರ ಮಂದಿ ಹಿಂಗ ಖುದ್ದ ನಿಂತು ಮಾಡಬೇಕು ನೋಡ್ರಿ."

ಚಿಗಪ್ಪ ಒಂದು ಗಳಿಗೆ ಹೆಂಡತಿಯನ್ನು ನೋಡಿದರು, ಒಂದು ಗಳಿಗೆ ಸಾಹೇಬರನ್ನು. "ಹೌದ್ರಿ," ಎಂದರು. "ಖರೇ ಅಂದ್ರ ವಿಚಾರ ನಂದ. ಹೆಂಗಸರಿಗೇನ ತಿಳೀತದ?"

ತಾನೇ ಮಾಡಿದೆನೆಂದು ಒಪ್ಪಿಕೊಂಡ ಮೇಲೆ ಡ್ರೈವರನನ್ನು ಕೆಲಸದಿಂದ ಬಿಡಿಸುವುದು ಹೇಗೆ? ಕೀಲಿ ಮತ್ತೆ ಕಿಸೆಗೆ ಹೋಯಿತು. ಗಂಡಸರು ಒಳಗೆ ಹೋದ ಮೇಲೆ ಚಿಗವ್ವ ಆಸನದ ಮೇಲಿನ ವಸ್ತ್ರ ತೆಗೆದು, ಧೂಳು ಝಾಡಿಸಿ, ಮೋದಿನಸಾಬನಿಗೆ ಕೊಟ್ಟಳು. "ಮನಿಗೆ ಹೋಗಿ ಬಾರಪಾ. ಕಮರುನ್ನಿಸಾ ಕಿಡಕ್ಯಾಗ ನಿಂತಾಳ."

ಸಾಹೇಬರು ನೋಡಿ ಹೋಗಿದ್ದರಿಂದ ಚಿಗಪ್ಪ ಕಡಲೆ ಬಿತ್ತಲೇಬೇಕಾಯಿತು. ಸಂಕ್ರಮಣಕ್ಕೆ ಬಂದಾಗ ನೋಡಿದೆ, ಕಡಲೆಗಿಂತ ದಟ್ಟವಾಗಿ ಕರಿಕಿ ಎದ್ದಿತ್ತು. ಮಾಯವ್ವ ಕೂತು ಅಗೆಯುತ್ತಿದ್ದಳು, ಚಿಗಪ್ಪ ಮಗ್ಗುಲಲ್ಲೇ ನಿಂತು ಬಯ್ಯುತ್ತಿದ್ದರು.

"ಯಾವ ಧಡ್ಡ ಹಚ್ಚಿದ್ನೋ ಇದನ್ನ!"

"ಯಾರೋ ಪುಣೇದಾಂವ ಇರಬೇಕ್ರಿ," ಎಂದಳು ಮಾಯವ್ವ, ತಲೆ ಎತ್ತದೆ.